ಲಸ್ಕರ್ ಹುಲಿಗೆಪ್ಪನ ಜಾಡಿ

ನಮ್ಮ ಓಣಿಯ ಹುಡುಗಿಯೊಬ್ಬಳು ಲ್ಯಾಬ್ ಟೆಕ್ನಿಷಿಯನ್ ಓದು ಮುಗಿಸಿ, ಕೆಲಸಕ್ಕೆ ಸೇರುವ ಮುನ್ನ ಮನೆಗೆ ಬಂದಿದ್ದಳು. 'ಅಜ್ಜಾ, ನಿಮ್ಮ ಕಾಲದಾಗ ಈ ಕೆಲಸ ಹೆಂಗಿತ್ತು ಹೇಳ್ರಿ' ಅಂದಳು. ನಾನು ಮಲೇರಿಯಾ, ಕೊಕ್ಕೆಹುಳ, ಕರೆಂಟಿಲ್ಲದ ಪ್ರಯೋಗಾಲಯ ಎಂದು ಏನೇನೋ ಹರಟಿ ಚಹಾ ಕುಡಿಸಿ ಕಳಿಸಿದೆ. ಆಕೆ ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಷ್ಟು ವರ್ಷ ಚಾಕರಿ ಮಾಡಿದವನು ಹೇಳಲೇಬೇಕಾದ ಒಂದು ಸಂಗತಿಯನ್ನು ಹೇಳದೆ ಕಳಿಸಿದ್ದೆ. ಅದನ್ನು ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ತಲೆ ಗೊಂದಲವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಇಲ್ಲಿಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರು ಊರುಗಳ ಸುತ್ತಲೇ ನನ್ನ ಸರ್ವೀಸು ಮುಗಿಯಿತು. ಇದು ಯಾವ ದವಾಖಾನೆಯಲ್ಲಿದ್ದಾಗ ನಡೆಯಿತೆಂದು ಬರೆಯುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ತಪ್ಪು ಮಾತ್ರ ನನ್ನದು, ಅದನ್ನು ಬದಲಿಸಿಲ್ಲ.

ಆಗ ಕಾಲುವೆಯ ನೀರು ನಮ್ಮ ಕಡೆಗೆ ಬಂದ ಹೊಸದು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದವು, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ಅವೆಲ್ಲಕ್ಕಿಂತ ಮೊದಲು ಸೊಳ್ಳೆಗಳು ಎದ್ದವು. ಬೆಳಗಿನಿಂದ ಸಂಜೆಯವರೆಗೆ ಜ್ವರದವರ ರಕ್ತ ನೋಡುವುದೇ ನನ್ನ ಕೆಲಸ. ನನ್ನ ಹತ್ತಿರ ಒಂಟಿಗಣ್ಣಿನ ಸೂಕ್ಷ್ಮದರ್ಶಕ ಇತ್ತು. ಅದರ ಬುಡದ ಕನ್ನಡಿಯನ್ನು ಕಿಟಕಿಯ ಕಡೆ ತಿರುಗಿಸಿ ಬಿಸಿಲು ಹಿಡಿಯಬೇಕು, ಮೋಡ ಬಂದರೆ ಕೆಲಸ ಬಂದ್. ಜನ ಅದನ್ನು ದುರ್ಬೀನು ಅನ್ನುತ್ತಿದ್ದರು, ನನ್ನನ್ನು ದುರ್ಬೀನಪ್ಪ ಅನ್ನುತ್ತಿದ್ದರು. ನನ್ನ ತಾಯಿ ಇಟ್ಟ ಬಸವರಾಜ ಎಂಬ ಹೆಸರು ಸಂಬಳದ ಹಾಳೆಯಲ್ಲಿ ಮಾತ್ರ ಉಳಿದಿತ್ತು.

ಗಂಡಸರ ವೀರ್ಯ ಪರೀಕ್ಷೆ ಎಂಬುದು ಆಗ ಅಪರೂಪ. ಮಕ್ಕಳಾಗದಿದ್ದರೆ ದವಾಖಾನೆಗೆ ಬರುವವಳು ಹೆಂಡತಿ, ಎಳೆದು ತರುವವಳು ಅತ್ತೆ. ಗಂಡ ಹೊರಗೆ ಬೇವಿನ ಮರದ ಕೆಳಗೆ ಬೀಡಿ ಸೇದುತ್ತ, ತನಗೂ ಈ ಮಾತಿಗೂ ಸಂಬಂಧವೇ ಇಲ್ಲ ಎಂಬಂತೆ ನಿಂತಿರುತ್ತಿದ್ದ. ಧೈರ್ಯ ಮಾಡಿ ಒಳಗೆ ಬಂದವರ ವಿಷಯದಲ್ಲಿ ನಾನು ಮಾಡಿದ ಮೊದಲ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಮುದಗಲ್ ಕಡೆಯವನೊಬ್ಬ ಬೇಸಿಗೆಯಲ್ಲಿ ಬಸ್ಸು ಹಿಡಿದು, ಸೀಸೆಯನ್ನು ಧೋತರದ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದ. ನೋಡಿದೆ, ಒಂದೂ ಅಲುಗಾಡುತ್ತಿರಲಿಲ್ಲ. 'ಎಲ್ಲವೂ ಸತ್ತಿವೆ' ಎಂದು ಬರೆದು ಕೊಟ್ಟೆ.

ನಮ್ಮ ಡಾಕ್ಟರು ವಾಮನರಾಯರು ಧಾರವಾಡದ ಕಡೆಯವರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಾಗದ ಹಿಡಿದುಕೊಂಡು ನನ್ನ ಕೋಣೆಗೇ ಬಂದರು. 'ಎಷ್ಟೊತ್ತಿಗೆ ಹಿಡಿದದ್ದಂತ ಕೇಳಿದ್ಯೇನು?' ಕೇಳಿರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ಮೂರೂವರೆ ತಾಸಾಗಿತ್ತು. 'ಆ ಬಿಸಿಲಾಗ ಮೂರೂವರೆ ತಾಸು ಗಂಟಿನಾಗ ಕಟ್ಟಿಟ್ಟಿದ್ರ ನೀನೂ ಸಾಯ್ತಿದ್ಯೋ ಬಸವರಾಜ! ದುರ್ಬೀನು ನೋಡೋ ಮೊದಲ ಮನಶ್ಯಾನ ನೋಡು' ಎಂದು ಇಡೀ ದವಾಖಾನೆಗೆ ಕೇಳುವಂತೆ ಬೈದರು. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಅವತ್ತಿನಿಂದ ಮೊದಲು ಹೊತ್ತು ಕೇಳುವುದನ್ನು ಕಲಿತೆ. ಕಲಿತದ್ದು ಅಷ್ಟೇ ಎಂಬುದು ಮುಂದೆ ಗೊತ್ತಾಗುತ್ತದೆ.

ಒಂದು ದಿನ ದಢೇಸುಗೂರಿನ ಕಡೆಯಿಂದ ಹನುಮವ್ವ ಎಂಬ ಗಟ್ಟಿ ಮುದುಕಿ ಸೊಸೆ ಅಮರಮ್ಮನನ್ನು ಕರೆದುಕೊಂಡು ಬಂದಳು. ಲಗ್ನವಾಗಿ ಏಳು ವರ್ಷ, ಮಕ್ಕಳಿಲ್ಲ. ಡಾಕ್ಟರು ಅಮರಮ್ಮನನ್ನು ಪರೀಕ್ಷೆ ಮಾಡಿ, 'ಈಕಿಯಲ್ಲಿ ಏನೂ ದೋಷ ಕಾಣವಲ್ದು, ನಿನ್ನ ಮಗನ್ನ ಕರಕೊಂಡ್ ಬಾ' ಅಂದರು. ಹನುಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

'ನನ್ನ ಮಗಗ ಏನಾಗ್ಯದ್ರಿ? ಎತ್ತಿನಂಗ ಅದಾನ! ಈಕಿಗಾಗಂಗಿಲ್ಲಂತ ಬರದು ಕೊಡ್ರಿ, ಈಕಿ ತಂಗಿ ಶಂಕ್ರಿ ಅದಾಳ, ಆಕಿನ ಮಾಡ್ಕೊಂತಾನ.'

'ಒಂದು ಹೆಂಡ್ತಿ ಇರೋವಾಗ ಇನ್ನೊಂದು ಮಾಡ್ಕೊಳ್ಳಾಕ ಕಾಯ್ದೆ ಇಲ್ಲಬೇ' ಅಂದರು ಡಾಕ್ಟರು.

'ಕಾಯ್ದೆ ಬಂದು ನಮ್ಮ ತೊಟ್ಟಿಲ ತೂಗತೈತೇನ್ರಿ?' ಎಂದಳು ಹನುಮವ್ವ.

ಮಗ ಹುಲಿಗೆಪ್ಪ ಮರುವಾರ ತಾನಾಗಿಯೇ ಬಂದ. ಅವನು ಕಾಲುವೆ ಇಲಾಖೆಯಲ್ಲಿ ಲಸ್ಕರ್. ಉಪಕಾಲುವೆಯ ಗೇಟು ಕಾಯುವುದು, ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು, ಕೆಳಗಿನ ಹೊಲಗಳಿಗೆ ನೀರು ಬಿಡುವುದು ಅವನ ಕೆಲಸ. ಖಾಕಿ ಅಂಗಿ, ಕೈಯಲ್ಲಿ ಕೊಡೆ, ಬಿಸಿಲಿಗೆ ಕರ್ರಗಾದ ಮುಖ. ಬೇವಿನ ಮರದ ಕೆಳಗೆ ನಿಲ್ಲದೆ ನೇರ ಒಳಗೆ ಬಂದ ಅಪರೂಪದ ಗಂಡಸು ಅವನು. 'ನೋಡ್ರಿ ದುರ್ಬೀನಪ್ಪನವರ, ನೀರು ಎಲ್ಲಿ ನಿಂತೈತಂತ ನೋಡದ ರೈತರ ಕೂಡ ಜಗಳ ಮಾಡಬಾರದು. ನಂದೂ ನೋಡ್ರಿ' ಅಂದ. ನನಗೆ ಅವನು ಅಲ್ಲೇ ಹಿಡಿಸಿಬಿಟ್ಟ.

ನೋಡಿದೆ. ಚೌಕಳಿ ಕೊರೆದ ಗಾಜಿನ ಮೇಲೆ ಒಂದೊಂದನ್ನೂ ಎಣಿಸಬೇಕು. ಒಂದು ಚಮಚೆಯಲ್ಲಿ ಕೋಟಿಗಟ್ಟಲೆ ಇರಬೇಕಾದ ಕಡೆ, ಸಂತೆ ಮುಗಿದ ಮೇಲೆ ಬಯಲಿನಲ್ಲಿ ಉಳಿದ ಜನರಂತೆ ಅಲ್ಲೊಂದು ಇಲ್ಲೊಂದು ಇದ್ದವು. ಎಣಿಕೆ ತಪ್ಪಿತೇನೋ ಎಂದು ಇನ್ನೊಮ್ಮೆ ಎಣಿಸಿದೆ. ಎರಡು ವಾರ ಬಿಟ್ಟು ಮತ್ತೆ ಕರೆಸಿದೆವು, ಇನ್ನೂ ಕಡಿಮೆ. ಮೂರನೇ ಸಲ ಸ್ವಲ್ಪ ಹೆಚ್ಚು, ಆದರೂ ಕಡಿಮೆಯೇ. ಒಬ್ಬನೇ ಮನುಷ್ಯ, ಒಂದೇ ಗಾಜು, ಒಂದೇ ಕಣ್ಣು, ಮೂರು ಲೆಕ್ಕ! ಯಾವುದನ್ನು ನಂಬುವುದು?

ಡಾಕ್ಟರು ಹುಲಿಗೆಪ್ಪನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿದರು. ಚಿಕ್ಕಂದಿನಲ್ಲಿ ಮಂಗನಬಾವು ಆಗಿರಲಿಲ್ಲ, ಪೆಟ್ಟು ಬಿದ್ದಿರಲಿಲ್ಲ, ವೃಷಣದ ನರ ಊದಿರಲಿಲ್ಲ. ಕಡಿಮೆ ಇರುವುದು ಖರೆ, ಯಾಕೆ ಎಂದು ಮಾತ್ರ ತಿಳಿಯಲಿಲ್ಲ. ಡಾಕ್ಟರು ದಪ್ಪ ಪುಸ್ತಕ ತೆಗೆದು ಎರಡು ದಿನ ಓದಿ, ಮೂರನೇ ದಿನ ನನ್ನನ್ನೂ ಹುಲಿಗೆಪ್ಪನನ್ನೂ ಎದುರಿಗೆ ಕೂರಿಸಿಕೊಂಡರು.

'ಮಿದುಳಿನ ಬುಡದಾಗ ಕಡ್ಲಿಕಾಳಿನಷ್ಟು ಒಂದು ಗ್ರಂಥಿ ಅದ. ಅದು ರಕ್ತದಾಗ ಹಾರ್ಮೋನು ಅನ್ನೋ ರಸ ಬಿಡ್ತದ. ಆ ರಸ ಕೆಳಗ ವೃಷಣಕ್ಕ ಹೋಗಿ ಬೀಜ ತಯಾರು ಮಾಡು ಅಂತ ಹುಕುಂ ಕೊಡ್ತದ. ಹುಕುಮ್ಮೇ ಕಡಿಮಿ ಇದ್ರ ಸೂಜಿ ಔಷಧ ಅದ. ಹುಕುಂ ಜೋರಾಗಿ ಬಂದೂ ಕೆಲಸ ಆಗವಲ್ದು ಅಂದ್ರ ಕೆಳಗ ಕೆಟ್ಟದ, ಅದಕ್ಕ ಔಷಧ ಇಲ್ಲ.'

ಹುಲಿಗೆಪ್ಪ ತಲೆಯಾಡಿಸಿದ. 'ತಿಳೀತ್ರಿ. ಕಡೀ ಹೊಲಕ್ಕ ನೀರು ಮುಟ್ಟವಲ್ದು. ಮ್ಯಾಲಿನ ಗೇಟು ಎತ್ತ್ಯಾರೋ ಇಲ್ಲೋ, ಇಲ್ಲಾ ಕೆಳಗ ಕಾಲುವಿ ಒಡದೈತೋ, ಅದನ್ನ ನೋಡ್ಬೇಕಂತೀರಿ.'

'ಬರೋಬ್ಬರಿ!' ಡಾಕ್ಟರು ಮೇಜು ಗುದ್ದಿದರು.

'ಮತ್ತ ಗೇಟೂ ಬರೋಬ್ಬರಿ, ಕಾಲುವೀನೂ ಬರೋಬ್ಬರಿ ಇದ್ದು ಹೊಲ ಒಣಗಿದ್ರ?'

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. 'ಆಗ ನನಗೂ ತಿಳಿಯಂಗಿಲ್ಲಪಾ' ಅಂದರು.

ಈಗಿನವರು ತೋಳಿನಿಂದ ಒಂದಿಷ್ಟು ರಕ್ತ ತೆಗೆದು ಯಂತ್ರಕ್ಕೆ ಹಾಕಿದರೆ ಹಾರ್ಮೋನಿನ ಲೆಕ್ಕ ಅಚ್ಚಾಗಿ ಬರುತ್ತದೆ. ಆಗ ಹಾಗಿರಲಿಲ್ಲ. ಆ ರಸ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಹಾಗಾಗಿ ಇಡೀ ಇಪ್ಪತ್ನಾಲ್ಕು ತಾಸಿನ ಮೂತ್ರವನ್ನು ಒಂದು ಹನಿ ಬಿಡದೆ ಹಿಡಿಯಬೇಕು. ಅದನ್ನು ದೂರದ ವೈದ್ಯಕೀಯ ಕಾಲೇಜಿಗೆ ಒಯ್ಯಬೇಕು. ಅಲ್ಲಿ ಅದರ ಸಾರ ತೆಗೆದು ಹೆಣ್ಣು ಇಲಿಮರಿಗಳಿಗೆ ಚುಚ್ಚಿ, ಅವುಗಳ ಗರ್ಭಕೋಶ ಎಷ್ಟು ಬೆಳೆಯಿತೆಂದು ತೂಗಿ ಹೇಳುತ್ತಿದ್ದರು. ಇದನ್ನು ಹೇಳಿದಾಗ ಹುಲಿಗೆಪ್ಪ ಗಾಬರಿಯಾದ.

'ನನ್ನ ಉಚ್ಚಿ ಇಲಿಗೆ ಚುಚ್ಚತಾರೇನ್ರಿ? ಎಪ್ಪಾ, ಪಾಪ, ಅದೇನು ಮಾಡಿತ್ರಿ!'

ನಗು ತಡೆಯಲಾಗಲಿಲ್ಲ. ಡಾಕ್ಟರೂ ನಕ್ಕರು.

ನಗುವಂಥ ಹೊತ್ತು ಅದಲ್ಲ ಎಂದು ತಿಳಿದದ್ದು ಮರುದಿನ, ಅಮರಮ್ಮ ಒಬ್ಬಳೇ ಬಂದು ನನ್ನ ಕಿಟಕಿಯ ಹತ್ತಿರ ನಿಂತಾಗ. ಬಿಸಿಲಿಗೆ ಅಡ್ಡವಾಗಬಾರದೆಂದು ಪಕ್ಕಕ್ಕೆ ಸರಿದು ನಿಂತಿದ್ದಳು.

'ಅಣ್ಣಾರ, ಆ ಇಲಿ ಪರೀಕ್ಷಿ ಕಾಗದ ಯಾವಾಗ ಬರ್ತೈತ್ರಿ?'

'ತಿಂಗಳಾಗ್ಬಹುದು ತಂಗಿ. ಯಾಕ?'

'ನಮ್ಮತ್ತಿ ಹೇಳ್ಯಾಳ್ರಿ. ಏನಾಗ್ಯದಂತ ತಿಳದು ಮದ್ದು ಕೊಟ್ರ ಕಾಯ್ತಾಳಂತ. ತಿಳೀವಲ್ದು ಅಂದ್ರ ಸುಗ್ಗಿ ಆದಕೂಡ್ಲೆ ಶಂಕ್ರವ್ವನ್ನ ತರ್ತಾಳಂತ. ನಮ್ಮಪ್ಪನೂ ಹ್ಞೂಂ ಅಂದಾನ. ಶಂಕ್ರವ್ವನ್ನ ನಾನ ಎತ್ತಿ ಆಡಿಸೀನ್ರಿ. ನನ್ನ ಕೈಯಾಗಿನ ತುತ್ತು ತಿಂದು ಬೆಳದಾಳ. ಆಕಿ ನನಗ ಸವತಿ ಆಗಿ ಬಂದ್ರ, ಆಕಿನ ಏನಂತ ಕರೀಲ್ರಿ ಅಣ್ಣಾರ?'

'ಕಾಗದ ಬರಲಿ' ಅಂದೆ. ನಮ್ಮ ಕೆಲಸದವರು ಉತ್ತರ ಇಲ್ಲದಾಗ ಹೇಳುವ ಮಾತು ಅದೊಂದೇ.

ಕಂದು ಗಾಜಿನ ದೊಡ್ಡ ಜಾಡಿಯೊಂದನ್ನು ತೊಳೆದು ಕೊಟ್ಟೆ. ಜನ ಇಂಥ ಪರೀಕ್ಷೆಗೆ ಒಂದು ಲೋಟದಷ್ಟು ತಂದು, ಇಷ್ಟೇ ಆಯಿತು ಅನ್ನುವುದು ನನಗೆ ಗೊತ್ತಿತ್ತು. ಹಾಗಾಗಬಾರದೆಂದು ಜಾಡಿಯ ನಡುವಿಗಿಂತ ಸ್ವಲ್ಪ ಕೆಳಗೆ ಬಿಳಿ ಪ್ಲಾಸ್ಟರಿನ ಪಟ್ಟಿ ಅಂಟಿಸಿದೆ. 'ಹುಲಿಗೆಪ್ಪ, ಈ ಪಟ್ಟಿ ನೋಡ್ಕೊ. ಇಲ್ಲೀಮಟ ಬರಬೇಕು' ಅಂದೆ. ಇದಕ್ಕಿಂತ ಕಡಿಮೆ ಆಗಬಾರದು ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅವನ ಮನಸ್ಸಿನಲ್ಲಿ ಏನಿತ್ತೆಂದು ಕೇಳಲಿಲ್ಲ. ಅವನು ಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿ, 'ಆತ್ರಿ' ಅಂದ.

ಮರುದಿನ ಜಾಡಿ ತಂದ. ಸರಿಯಾಗಿ ಪಟ್ಟಿಗೆ ನಿಂತಿತ್ತು, ಕೂದಲೆಳೆಯಷ್ಟು ಮೇಲಿಲ್ಲ, ಕೆಳಗಿಲ್ಲ. 'ಶಾಭಾಸ್! ಇಂಥ ಪೇಷಂಟು ಬೇಕು ನೋಡ್ರಿ' ಎಂದು ನಾನು ಡಾಕ್ಟರಿಗೆ ತೋರಿಸಿ ಹೆಮ್ಮೆಪಟ್ಟೆ. ಒದ್ದೆ ಗೋಣಿಚೀಲ ಸುತ್ತಿ, ಅಲ್ಲಿಂದ ರೈಲಿನಲ್ಲಿ ಕಾಲೇಜಿಗೆ ಕಳಿಸಲೆಂದು ರಾಯಚೂರಿನವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. 'ಏನ್ರಿ ಜಾಡ್ಯಾಗ, ಜೇನುತುಪ್ಪ ಏನ್ರಿ?' ಎಂದು ಕಂಡಕ್ಟರು ಕೇಳಿದ. ಹೌದು ಅಂದರೆ ಒಂದು ಚಮಚೆ ಕೇಳುತ್ತಾನೆಂದು ಹೆದರಿ, ಆಸಿಡ್ ಅಂದೆ. ರಾಯಚೂರಿನವರೆಗೆ ನನ್ನ ಪಕ್ಕ ಯಾರೂ ಕೂರಲಿಲ್ಲ.

ಕಾಗದ ಬಂತು. ಹುಕುಂ ಕಡಿಮೆ! ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. 'ಗ್ರಂಥಿ ಆಲಸಿ ಅದ ಬಸವರಾಜ, ಕೆಳಗೇನೂ ಕೆಟ್ಟಿಲ್ಲ. ಸೂಜಿ ಹಾಕೋಣ' ಅಂದರು. ಔಷಧ ತರಿಸಿದರು. ಹುಲಿಗೆಪ್ಪ ವಾರಕ್ಕೆರಡು ಸಲ ಬಂದು ಚುಚ್ಚಿಸಿಕೊಂಡು ಹೋಗತೊಡಗಿದ. ಹನುಮವ್ವ ಸುಮ್ಮನಾದಳು. ಶಂಕ್ರವ್ವನ ಮಾತು ನಿಂತಿತು. ಅಮರಮ್ಮ ಒಮ್ಮೆ ಬಂದು ಒಂದು ಗಂಟು ಹಸಿ ಕಡಲೆಗಿಡ ನನ್ನ ಮೇಜಿನ ಮೇಲಿಟ್ಟು, ನಕ್ಕು ಹೋದಳು. ಅಂದು ನನಗೆ ಆದ ಸಂತೋಷ ಮುಂದೆ ಯಾವ ಬಡ್ತಿಯಲ್ಲೂ ಆಗಲಿಲ್ಲ.

ಎರಡು ತಿಂಗಳ ಮೇಲೆ ಜ್ವರದ ಸಮೀಕ್ಷೆಗೆಂದು ಅವನ ಗೇಟಿನ ಕಡೆಗೇ ಹೋಗಬೇಕಾಯಿತು. ಕಾಲುವೆಯ ದಂಡೆಯ ಮೇಲೆ ಜಾಲಿಮರದ ನೆರಳಿನಲ್ಲಿ ನನ್ನನ್ನು ಕೂರಿಸಿ, ಮಣ್ಣಿನ ಹರವಿಯಿಂದ ನೀರು ಕೊಟ್ಟ. ತಾನು ಚೊಂಬಿನ ಮೇಲೆ ಚೊಂಬು ಕುಡಿದ. ಮಾತಾಡುತ್ತಲೇ ಎದ್ದು ಹೋಗಿ, ಕಾಲುವೆಯ ಗೋಡೆಗೆ ಅಂಕಿ ಬರೆದು ನಿಲ್ಲಿಸಿದ್ದ ಮಟ್ಟದ ಹಲಗೆಯನ್ನು ನೋಡಿ, ಪಕ್ಕದ ಸಣ್ಣ ತೂಬು ತಿರುಗಿಸಿ ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಟ್ಟು ಬಂದ.

'ಯಾಕೋ, ಕೆಳಗ ರೈತರು ನೀರಿಲ್ಲಂತ ಒದರಾಕತ್ತಾರ, ನೀ ಹಳ್ಳಕ್ಕ ಬಿಡ್ತೀಯಲ್ಲ?'

'ಮಾರ್ಕ್ ದಾಟಿತ್ರಿ. ಸೆಕ್ಷನ್ ಸಾಹೇಬ್ರ ಹುಕುಂ ಅಂದ್ರ ಹುಕುಂ. ನೀರು ಮಾರ್ಕಿಗೆ ನಿಂತಿರಬೇಕು, ಮ್ಯಾಲೂ ಹೋಗಬಾರದು, ಕೆಳಗೂ ಇಳೀಬಾರದು. ಹೆಚ್ಚಿಗಿ ಆತಂದ್ರ ಚೆಲ್ಲೋದ. ನೌಕರಿಗೆ ಸೇರಿದಾಗಿಂದ ಒಮ್ಮಿನೂ ಬೈಸಿಕೊಂಡಿಲ್ರಿ.' ಅವನು ಹೆಮ್ಮೆಯಿಂದ ನಕ್ಕ. 'ನಿಮ್ಮ ಜಾಡೀನೂ ಹಂಗ ನಿಲ್ಸಿದ್ನಲ್ರಿ. ಮೂರು ಸಲ ಪಟ್ಟಿ ದಾಟ್ತು. ಮೂರು ಸಲನೂ ಚೆಲ್ಲಿ ಬರೋಬ್ಬರಿ ಮಾಡಿದೆ.'

ಇಡೀ ದಿನದ ಮೂತ್ರದಲ್ಲಿ ಅರ್ಧದಷ್ಟನ್ನು ಅವನು ಚೆಲ್ಲಿದ್ದ. ಅರ್ಧ ಚೆಲ್ಲಿದ ಮೇಲೆ ಹುಕುಂ ಕಡಿಮೆ ಬರದೆ ಇನ್ನೇನು ಬರುತ್ತದೆ? ಅವನು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದ. ಪಟ್ಟಿ ಅಂಟಿಸಿದವನು ನಾನು.

ಊರಿಗೆ ಬಂದವನು ಎಂಟು ದಿನ ಬಾಯಿ ಬಿಡಲಿಲ್ಲ. ಆ ಎಂಟು ದಿನ ನನ್ನ ತಲೆಯೊಳಗೆ ನಡೆದದ್ದನ್ನು ಸರಿಯಾಗಿ ಬರೆಯಲು ಈಗಲೂ ಆಗುತ್ತಿಲ್ಲ. ಹೇಳಿದರೆ ಮತ್ತೆ ಪರೀಕ್ಷೆ ಆಗುತ್ತದೆ, ಹುಕುಂ ಸರಿಯಾಗಿದೆ ಎಂದು ಬರಬಹುದು, ಆಗ ಕಾರಣವೂ ಇಲ್ಲ, ಮದ್ದೂ ಇಲ್ಲ, ಶಂಕ್ರವ್ವ ಸವತಿಯಾಗಿ ಬರುತ್ತಾಳೆ. ಹೇಳದಿದ್ದರೆ ಅಮರಮ್ಮ ಉಳಿಯುತ್ತಾಳೆ. ನನ್ನ ತಪ್ಪೇ ಅವಳನ್ನು ಕಾಯುತ್ತಿತ್ತು! ಸುಮ್ಮನಿರುವುದೇ ಪುಣ್ಯ ಎಂದು ಬೆಳಿಗ್ಗೆ ಅನಿಸುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಅದೇ ಪಾಪ ಅನಿಸುತ್ತಿತ್ತು. ಮಲೇರಿಯಾದ ಸ್ಲೈಡನ್ನು ಹಿಡಿದುಕೊಂಡು ಏನು ನೋಡುತ್ತಿದ್ದೇನೆಂಬುದೇ ಮರೆತು ಕೂತಿರುತ್ತಿದ್ದೆ.

ಒಂಬತ್ತನೇ ದಿನ ಹುಲಿಗೆಪ್ಪ ಕುಂಟುತ್ತ ಸೂಜಿಗೆ ಬಂದ. ಚುಚ್ಚಿದ ಜಾಗದಲ್ಲಿ ಗಂಟು ಕಟ್ಟಿ ಕೀವಾಗಿತ್ತು. 'ಇರಲಿ ಬಿಡ್ರಿ, ಇನ್ನೊಂದು ಕಡಿಗೆ ಚುಚ್ಚರಿ' ಅಂದ. ನನಗೆ ತಡೆಯಲಾಗಲಿಲ್ಲ. ಅವನನ್ನು ಹೊರಗೆ ಕೂರಿಸಿ ಡಾಕ್ಟರ ಬಳಿ ಹೋಗಿ ಎಲ್ಲ ಹೇಳಿದೆ.

'ನಿನ್ನ ಪಟ್ಟಿಗಿಷ್ಟು ಬೆಂಕಿ ಹಚ್ಚಲಿ!' ಎಂದು ಡಾಕ್ಟರು ಕೂಗಿದರು. ಇನ್ನೂ ಬಹಳ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ತಲೆಗೆ ಕೈ ಹಚ್ಚಿ ಕೂತರು. 'ನೀರು ಎಷ್ಟು ಕುಡೀತಾನಂತ ನಾನರ ಕೇಳಬೇಕಿತ್ತು' ಅಂದರು. ಸೂಜಿ ಅಂದೇ ನಿಲ್ಲಿಸಿದರು.

ಎರಡನೇ ಸಲ ಪಟ್ಟಿ ಇಲ್ಲದ ಎರಡು ಜಾಡಿ ಕೊಟ್ಟೆವು. ಒಂದು ತುಂಬಿ ಎರಡನೆಯದಕ್ಕೂ ಬಂದಿತ್ತು. ಮತ್ತೆ ಬಸ್ಸು, ಮತ್ತೆ ಇಲಿಮರಿಗಳು. ಕಾಗದ ಬಂದಾಗ ಡಾಕ್ಟರು ಅದರ ಕೆಳಗೆ ತಮ್ಮ ಕೈಯಿಂದ ಕನ್ನಡದಲ್ಲಿ ನಾಲ್ಕು ಸಾಲು ಬರೆದರು. 'ಹೆಂಡತಿಯಲ್ಲಿ ದೋಷ ಕಂಡಿಲ್ಲ. ಗಂಡನ ವೀರ್ಯದ ಎಣಿಕೆ ಕಡಿಮೆ ಇದೆ. ಹಾರ್ಮೋನು ಸರಿ ಇದೆ, ಕೊರತೆಗೆ ಕಾರಣ ತಿಳಿದುಬಂದಿಲ್ಲ, ಆದ್ದರಿಂದ ಔಷಧವಿಲ್ಲ. ಮಗುವಾಗುವ ಸಂಭವ ಕಡಿಮೆ, ಆದರೆ ಆಗುವುದೇ ಇಲ್ಲ ಎನ್ನಲಾಗದು.'

ಕಾಗದ ಒಯ್ಯಲು ಹುಲಿಗೆಪ್ಪನ ಜೊತೆ ಹನುಮವ್ವನೇ ಬಂದಳು. ಡಾಕ್ಟರು ಅಂದು ರಾಯಚೂರಿಗೆ ಮೀಟಿಂಗಿಗೆ ಹೋಗಿದ್ದರು. ಅಮರಮ್ಮ ಬಾಗಿಲಲ್ಲಿ ನಿಂತಿದ್ದಳು. ಹುಲಿಗೆಪ್ಪ ಕಾಗದ ತೆಗೆದುಕೊಂಡು ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿಕೊಂಡ. ನೀರಿನ ಪುಸ್ತಕ ಬರೆಯುವಷ್ಟು ಅಕ್ಷರ ಅವನಿಗೆ ಬರುತ್ತಿತ್ತು. ಓದಿ ಮುಗಿಸಿ ನನ್ನ ಕೈಗೆ ಕೊಟ್ಟ.

'ನೀ ಓದಪಾ, ಸರ್ಕಾರದ ಮನಶ್ಯಾ ನೀನು' ಎಂದಳು ಹನುಮವ್ವ. 'ಇವ ಹೆಂಡ್ತಿ ಕಡಿಗೆ ಎಳೀತಾನ.'

ಓದಿದೆ. ಸೊಸೆಯಲ್ಲಿ ದೋಷವಿಲ್ಲ ಎಂದು ಓದಿದೆ. ಮಗನಲ್ಲಿ ಕಡಿಮೆ ಇದೆ ಎಂದು ಓದಿದೆ. ಔಷಧವಿಲ್ಲ ಎಂದು ಓದಿದೆ. ನಾಲ್ಕನೆಯ ಸಾಲಿಗೆ ಬಂದಾಗ ಬಾಗಿಲಲ್ಲಿದ್ದ ಅಮರಮ್ಮನ ಮುಖ ಕಾಣಿಸಿತು. ಕಾಗದ ಮಡಚಿದೆ.

'ಅಂದ್ರ ಯಾರನ್ನ ತಂದ್ರೂ ಅಷ್ಟನ?' ಹನುಮವ್ವನ ದನಿ ಇಳಿದಿತ್ತು.

'ಯಾರನ್ನ ತಂದ್ರೂ ಅಷ್ಟಬೇ' ಅಂದೆ.

ಹುಲಿಗೆಪ್ಪ ನನ್ನ ಮುಖ ನೋಡಿದ. ತಲೆ ತಗ್ಗಿಸಿದ. ಹನುಮವ್ವ ಮಗನ ಬೆನ್ನ ಮೇಲೆ ಕೈಯಿಟ್ಟು ಹೊರಗೆ ನಡೆದಳು. ಆ ವರ್ಷ ಸುಗ್ಗಿ ಮುಗಿದ ಮೇಲೆ ಶಂಕ್ರವ್ವನನ್ನು ಗೊರೇಬಾಳದ ಕಡೆ ಬೇರೆ ಮನೆಗೆ ಕೊಟ್ಟರೆಂದು ತಿಳಿಯಿತು. ನಾನು ಸುಳ್ಳು ಹೇಳಿಲ್ಲ, ಒಂದು ಸಾಲು ಬಿಟ್ಟೆ ಅಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಳ್ಳೆಯದನ್ನೇ ಮಾಡಿದೆ ಎಂಬ ಸೊಕ್ಕೂ ಸ್ವಲ್ಪ ಇತ್ತು.

ನಾಲ್ಕು ವರ್ಷ ಕಳೆದವು. ನನಗೆ ಲಿಂಗಸುಗೂರಿಗೆ ವರ್ಗವಾಗಿತ್ತು, ಹೊಸ ಸೂಕ್ಷ್ಮದರ್ಶಕ ಬಂದಿತ್ತು, ಅದರೊಳಗೇ ದೀಪವಿತ್ತು. ಒಂದು ಮಧ್ಯಾಹ್ನ ಬಾಗಿಲಲ್ಲಿ ಖಾಕಿ ಅಂಗಿ ಕಂಡಿತು. ಹುಲಿಗೆಪ್ಪ! ಮಸ್ಕಿಯಲ್ಲಿ ಬಸ್ಸು ಬದಲಿಸಿ, ಧೂಳು ಮುಕ್ಕಿಕೊಂಡು ಬಂದಿದ್ದ.

'ಅಮರಿಗೆ ಹೆಣ್ಣು ಕೂಸು ಆಗ್ಯದ್ರಿ. ಹನ್ನೊಂದು ದಿನ ಆತು.'

ನಾನು ಕುಣಿಯುವುದೊಂದು ಬಾಕಿ. 'ಲೇ ಮಾರಾಯಾ, ಪೇಢೆ ಎಲ್ಲೋ?' ಎಂದು ಅವನ ಎರಡೂ ಭುಜ ಹಿಡಿದು ಅಲುಗಿಸಿದೆ. ಅವನು ನಗಲಿಲ್ಲ.

'ಅವ್ವ ಕೂಸಿನ್ನ ಮುಟ್ಟವಲ್ಲಳ್ರಿ. ನನ್ನ ಮಗನಿಂದ ಆಗಂಗಿಲ್ಲಂತ ಸರ್ಕಾರದ ಮನಶ್ಯಾನ ಓದ್ಯಾನ, ಹಂಗಾರ ಈ ಕೂಸು ಯಾರ್ದು ಅಂತ ಓಣ್ಯಾಗ ನಿಂತು ಒದರ್‍ಯಾಳ. ತೊಟ್ಟಿಲ ಕಟ್ಟಸಂಗಿಲ್ಲಂತ. ಅಮರಿ ಊಟ ಬಿಟ್ಟಾಳ್ರಿ.'

ನಾನು ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆ. 'ನಿನ್ನ ಕೈಯಾಗ ಕಾಗದ ಐತೆಲ್ಲೋ, ಕಡೀ ಸಾಲು ಓದಿ ಹೇಳಬಾರದಿತ್ತೇನು?'

'ಓದಿದ್ನಿರಿ. ಹೆಂಡ್ತಿ ಸಲುವಾಗಿ ಇಲ್ಲದ್ದು ಓದ್ತಾನಂತಾಳ.' ಅವನು ಸ್ವಲ್ಪ ಹೊತ್ತು ಕೊಡೆಯ ಹಿಡಿಕೆ ತಿರುವಿದ. ಆಮೇಲೆ ನನ್ನ ಕಡೆ ನೋಡದೆ ಕೇಳಿದ: 'ದುರ್ಬೀನಪ್ಪನವರ, ಒಂದ ಮಾತು ಹೇಳ್ರಿ. ಆ ಕಡೀ ಸಾಲು ಖರೇನ ಏನ್ರಿ?'

ಅಯ್ಯೋ ಶಿವನೇ! ಅವನ ಬಾಯಿಂದ ಈ ಪ್ರಶ್ನೆ ಬಂದದ್ದನ್ನು ಇವತ್ತಿಗೂ ಮರೆತಿಲ್ಲ. ಅಂದು ಪೂರ್ತಿ ಕಾಗದ ಓದಿಕೊಂಡಿದ್ದ ಮನುಷ್ಯನಿ‌ಗೂ, ನಾನು ಬಿಟ್ಟು ಓದಿದ್ದರಿಂದ, ಇರುವ ಸಾಲಿನ ಮೇಲೇ ಅನುಮಾನ ಹುಟ್ಟಿತ್ತು. 'ಖರೇ ಐತೋ ಹುಲಿಗೆಪ್ಪ, ನನ್ನ ಮಕ್ಕಳಾಣಿ ಖರೇ' ಅಂದೆ. ರಜೆ ಚೀಟಿ ಬರೆದಿಟ್ಟು ಅವನ ಜೊತೆ ಅದೇ ಬಸ್ಸು ಹತ್ತಿದೆ.

ಅವರ ಮನೆಯಲ್ಲಿ ಹನುಮವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು. ನಾನು ಕಟ್ಟೆಯ ಮೇಲಲ್ಲ, ಅವಳ ಎದುರಿಗೆ ನೆಲದ ಮೇಲೇ ಕೂತೆ. ಹುಲಿಗೆಪ್ಪ ಟ್ರಂಕಿನಿಂದ ಕಾಗದ ತಂದು ಕೊಟ್ಟ. ನಾಲ್ಕೂ ಸಾಲು ಓದಿದೆ.

'ಅವತ್ತು ಮೂರ ಸಾಲು ಇದ್ವು' ಅಂದಳು ಹನುಮವ್ವ.

'ನಾಲ್ಕ ಇದ್ವು. ಒಂದು ನಾ ಬಿಟ್ಟಿದ್ದೆ.'

'ಇನ್ನೊಮ್ಮೆ ಓದು.'

ಮತ್ತೆ ಓದಿದೆ. ಆಗುವುದೇ ಇಲ್ಲ ಎನ್ನಲಾಗದು.

'ಹೆಂಗ ಆತು ಮತ್ತ? ಮದ್ದಿಲ್ಲ, ಮಾಟಿಲ್ಲ.'

'ಗೊತ್ತಿಲ್ಲಬೇ. ಯಾಕ ಕಮ್ಮಿ ಇತ್ತಂತನೂ ಗೊತ್ತಾಗಲಿಲ್ಲ, ಹೆಂಗ ಆತಂತನೂ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಆದ್ರ ಆಗಬಹುದು ಅಂತ ಅವತ್ತ ಬರದಿದ್ರು.'

'ಮತ್ತ ಅವತ್ತ ಯಾಕ ಓದಲಿಲ್ಲ ನೀನು?'

'ಓದಿದ್ರ ನೀ ಶಂಕ್ರವ್ವನ್ನ ತರ್ತಿದ್ದೆಲ್ಲಬೇ. ಅದಕ್ಕ ಬಿಟ್ಟೆ. ನಂದು ತಪ್ಪು.'

ಮುದುಕಿ ನನ್ನನ್ನು ದಿಟ್ಟಿಸಿ ನೋಡಿದಳು. ಬೈಯುತ್ತಾಳೆ, ಇಲ್ಲ ಕೈಗೆ ಸಿಕ್ಕಿದ್ದು ಎಸೆಯುತ್ತಾಳೆ ಎಂದುಕೊಂಡೆ. ಎಸೆದಿದ್ದರೆ ನನಗೂ ಹಗುರವಾಗುತ್ತಿತ್ತು. ಒಳಗೆ ಕೂಸು ಇನ್ನೂ ಜೋರಾಗಿ ಅತ್ತಿತು.

'ತರ್ತಿದ್ದೆ' ಅಂದಳು ಹನುಮವ್ವ. 'ಖರೇನ ತರ್ತಿದ್ದೆ.' ಕಂಬ ಹಿಡಿದು ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಒಳಗಿನ ಬಾಗಿಲ ಕಡೆ ತಿರುಗಿದಳು. 'ಅಮರಿ, ಕಿವಿ ಕೇಳ್ಸಂಗಿಲ್ಲೇನ ನಿನಗ? ಕೂಸು ಅಳಾಕತ್ತೈತಿ. ತಾ ಇಲ್ಲಿ ಅದನ್ನ.'

ಅಮರಮ್ಮ ಕೂಸನ್ನು ತಂದು ಅತ್ತೆಯ ತೊಡೆಯ ಮೇಲೆ ಹಾಕಿದಳು. ನನ್ನ ಕಡೆ ನೋಡಲಿಲ್ಲ. ಆಮೇಲೆಯೂ ಎಂದೂ ಅಣ್ಣಾ ಎಂದು ಕರೆಯಲಿಲ್ಲ. ಸವತಿಯನ್ನು ತಪ್ಪಿಸಿದ್ದು ನಾನೇ, ಓಣಿಯಲ್ಲಿ ಅವಳ ಮಾನ ಕಳೆದದ್ದೂ ನಾನೇ. ಎರಡರಲ್ಲಿ ಯಾವುದು ದೊಡ್ಡದೆಂದು ಅವಳು ಹೇಳಲಿಲ್ಲ, ನನಗಂತೂ ತಿಳಿಯಲೇ ಇಲ್ಲ.

ಹೊರಡುವಾಗ ಹುಲಿಗೆಪ್ಪ ಕಾಲುವೆಯವರೆಗೆ ಬಂದು ಬಸ್ಸು ಹತ್ತಿಸಿದ. ಅವನ ಕೈಯಲ್ಲಿ ಆ ಕಾಗದ ಇನ್ನೂ ಇತ್ತು. 'ನಾಳೆ ತೊಟ್ಟಿಲ ಕಾರ್ಯದಾಗ ನೆರೆದವ್ರಿಗೆಲ್ಲ ನಾನ ಓದ್ತೀನ್ರಿ' ಅಂದ. 'ನಾಲ್ಕೂ ಸಾಲು ಓದ್ತೀನಿ. ಒಂದ ಹನಿ ಚೆಲ್ಲಂಗಿಲ್ಲ.'